ಕೈ ಬಿಡದ ಕೋಶಗಳು, ಕೈ ಬಿಟ್ಟ ಕೋಶಗಳು

ಕಳೆದ ವರ್ಷ ಹುಬ್ಬಳ್ಳಿಯಲ್ಲಿ ನಮ್ಮ ದಾದಾ ಅವರ ಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಚಿಕ್ಕವರಿದ್ದಾಗ ಹಂಡೆಯ ಕುದಿನೀರು ಬಿದ್ದು ಅವರ ಮೊಣಕಾಲ ಕೆಳಗೆ ದೊಡ್ಡ ಸುಟ್ಟ ಕಲೆ ಉಳಿದಿತ್ತು. ಐವತ್ತು ವರ್ಷ ಸುಮ್ಮನಿದ್ದ ಆ ಕಲೆಯ ಮೇಲೆ ಒಂದು ಹುಣ್ಣು ಎದ್ದಿತು. ಅರಿಸಿನ ಹಚ್ಚಿದೆವು, ಮುಲಾಮು ಹಚ್ಚಿದೆವು, ಆರಲಿಲ್ಲ. "ಸುಗ್ಗಿ ಮುಗೀಲಿ, ಆಮ್ಯಾಲೆ ನೋಡೋಣ" ಎಂದು ದಾದಾ ಮುಂದೂಡುತ್ತ ಹೋದರು. ಹೀಗೆ ಎಂಟು ತಿಂಗಳು ಕಳೆದವು. ಕೊನೆಗೆ ಗದಗಿನಲ್ಲಿ ಹುಣ್ಣಿನ ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ: ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಚರ್ಮದ ಕ್ಯಾನ್ಸರ್.

ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ಆದರೆ ವೈದ್ಯರು ವರದಿ ನೋಡಿ ಅಬ್ಬಾ ಅವರಿಗೆ ಒಂದು ಮಾತು ಹೇಳಿದರು: "ಕೋಶಗಳು ಇನ್ನೂ ಒಂದನ್ನೊಂದು ಹಿಡಿದುಕೊಂಡೇ ಇವೆ. ಇದು ಒಳ್ಳೆಯ ಲಕ್ಷಣ." ಲಕ್ಕಲಕಟ್ಟಿಗೆ ಮರಳುವ ಬಸ್ಸಿನಲ್ಲಿ ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಕೋಶಗಳು ಯಾವುದರಿಂದ ಹಿಡಿದುಕೊಳ್ಳುತ್ತವೆ? ಹಿಡಿತ ಬಿಟ್ಟರೆ ಏನಾಗುತ್ತದೆ? ನಮ್ಮ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿ, ಗ್ರಂಥಾಲಯದಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅಂಟು ಅಣುಗಳು ಎಂದರೇನು?

ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಕ್ಯಾನ್ಸರ್ ಬಗ್ಗೆ ಓದುವಾಗ 'ಕಾಂಟ್ಯಾಕ್ಟ್ ಇನ್‌ಹಿಬಿಷನ್' ಎಂಬ ಪದ ಬರುತ್ತದೆ. ಆರೋಗ್ಯವಂತ ಕೋಶಕ್ಕೆ ಪಕ್ಕದ ಕೋಶ ತಾಗಿದರೆ ಅದು ಬೆಳೆಯುವುದನ್ನು ನಿಲ್ಲಿಸುತ್ತದೆ. ಕ್ಯಾನ್ಸರ್ ಕೋಶ ಈ ಗುಣವನ್ನು ಕಳೆದುಕೊಂಡಿರುತ್ತದೆ. ಪರೀಕ್ಷೆಗೆ ನಾವೆಲ್ಲ ಇದನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಪಕ್ಕದಲ್ಲಿ ಇನ್ನೊಂದು ಕೋಶವಿದೆ ಎಂದು ಒಂದು ಕೋಶಕ್ಕೆ ಗೊತ್ತಾಗುವುದು ಹೇಗೆ?

ಕೋಶಪೊರೆಯಿಂದ ಹೊರಗೆ ಚಾಚಿಕೊಂಡ ಪ್ರೋಟೀನುಗಳಿಂದ. ಇವುಗಳಿಗೆ ಅಂಟು ಅಣುಗಳು ಎನ್ನಬಹುದು. ಜಪಾನಿನ ಕ್ಯೋಟೊದಲ್ಲಿ ಮಸತೋಶಿ ಟಕೇಚಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಕೋಶಗಳ ಒಂದು ಬಗೆಯ ಅಂಟಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಆ ಅಂಟಿಗೆ ಕಾರಣವಾದ ಪ್ರೋಟೀನಿಗೆ ಮುಂದೆ ಅವರು 'ಕ್ಯಾಡ್‌ಹೆರಿನ್' ಎಂದು ಹೆಸರಿಟ್ಟರು. ಇವುಗಳಲ್ಲಿ ಹಲವು ಬಗೆಗಳಿವೆ. ಸಾಮಾನ್ಯವಾಗಿ ಒಂದು ಬಗೆಯ ಕ್ಯಾಡ್‌ಹೆರಿನ್ ತನ್ನದೇ ಬಗೆಯ ಕ್ಯಾಡ್‌ಹೆರಿನ್ನಿನ ಕೈ ಹಿಡಿಯುತ್ತದೆ.

ಜಮಾಅತ್ತಿನ ನಮಾಜಿನಲ್ಲಿ ನಾವು ಭುಜಕ್ಕೆ ಭುಜ ತಾಗಿಸಿ ಸಫ್ ಕಟ್ಟುತ್ತೇವಲ್ಲ, ಹೊರಚರ್ಮದ ಕೋಶಗಳೂ ಹಾಗೆಯೇ ನಿಲ್ಲುತ್ತವೆ. ಪಕ್ಕದ ಕೋಶವನ್ನು ಹಿಡಿಯುವುದು ಮುಖ್ಯವಾಗಿ 'ಇ-ಕ್ಯಾಡ್‌ಹೆರಿನ್'. ಜೊತೆಗೆ 'ಡೆಸ್ಮೊಗ್ಲೀನ್' ಎಂಬ ಇನ್ನೂ ಗಟ್ಟಿಯಾದ ಬೆಸುಗೆ ಇದೆ. ಕೆಳಗಿನ ತಳಪೊರೆಯನ್ನು ಹಿಡಿಯುವುದು 'ಇಂಟೆಗ್ರಿನ್'.

ಈ ಹಿಡಿತ ಎಷ್ಟು ಮುಖ್ಯ ಎಂಬುದಕ್ಕೆ ಕ್ಯಾನ್ಸರ್ ಅಲ್ಲದ ಒಂದು ರೋಗವೇ ಸಾಕ್ಷಿ. 'ಪೆಮ್ಫಿಗಸ್' ರೋಗದಲ್ಲಿ ದೇಹದ ಪ್ರತಿಕಾಯಗಳು ತಪ್ಪಾಗಿ ಡೆಸ್ಮೊಗ್ಲೀನ್ ಮೇಲೆಯೇ ದಾಳಿ ಮಾಡುತ್ತವೆ. ಕೋಶಗಳ ಬೆಸುಗೆ ಬಿಟ್ಟು ಚರ್ಮದಲ್ಲಿ ಬೊಬ್ಬೆಗಳೇಳುತ್ತವೆ.

ಹಿಡಿತ ತಪ್ಪಿದರೆ

ಇ-ಕ್ಯಾಡ್‌ಹೆರಿನ್ ಕೇವಲ ಅಂಟಲ್ಲ, ಅದು ಕಾವಲುಗಾರನೂ ಹೌದು. ಕೋಶದ ಒಳಗೆ ಅದರ ಬಾಲ 'ಬೀಟಾ-ಕೆಟೆನಿನ್' ಎಂಬ ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತದೆ. ಇ-ಕ್ಯಾಡ್‌ಹೆರಿನ್ ಇಲ್ಲವಾದರೆ ಬೀಟಾ-ಕೆಟೆನಿನ್ ಬಿಡುಗಡೆಯಾಗುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ 'ವಿಭಜನೆಯಾಗು' ಎಂಬ ಜೀನುಗಳನ್ನು ಎಬ್ಬಿಸಬಲ್ಲದು. ಅಂದರೆ ಕೈ ಬಿಟ್ಟ ಕೋಶ ನೆರೆಯವರಿಂದ ದೂರವಾಗುವುದಷ್ಟೇ ಅಲ್ಲ, ಅದರ ಕಡಿವಾಣವೂ ಕಳಚಬಹುದು.

ಚರ್ಮದ ಮೂರು ಮುಖ್ಯ ಕ್ಯಾನ್ಸರುಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. 'ಬೇಸಲ್ ಸೆಲ್ ಕಾರ್ಸಿನೋಮ'ದ ಕೋಶಗಳಲ್ಲಿ ಇ-ಕ್ಯಾಡ್‌ಹೆರಿನ್ ಬಹುಮಟ್ಟಿಗೆ ಉಳಿದಿರುತ್ತದೆ. ಅದು ಇದ್ದಲ್ಲೇ ಕೊರೆಯುತ್ತದೆ, ಬೇರೆ ಅಂಗಕ್ಕೆ ಹರಡುವುದು ಬಹಳ ಅಪರೂಪ. 'ಸ್ಕ್ವೇಮಸ್ ಸೆಲ್ ಕಾರ್ಸಿನೋಮ'ದಲ್ಲಿ ಎರಡೂ ಬಗೆ ಇವೆ. ಕೋಶಗಳು ತಮ್ಮ ಮೂಲ ರೂಪ ಉಳಿಸಿಕೊಂಡು ಒಟ್ಟಾಗಿದ್ದರೆ ಹರಡುವ ಭಯ ಕಡಿಮೆ. ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ ಕೋಶಗಳು ಚದುರಿದ್ದರೆ ದುಗ್ಧಗ್ರಂಥಿಗೆ ಹೋಗುವ ಸಾಧ್ಯತೆ ಹೆಚ್ಚು. ದಾದಾ ಅವರ ವರದಿಯಲ್ಲಿ ವೈದ್ಯರು ನೋಡಿದ್ದು ಇದನ್ನೇ.

ಮೂರನೆಯದು 'ಮೆಲನೋಮ', ಎಲ್ಲಕ್ಕಿಂತ ಅಪಾಯಕಾರಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶದಲ್ಲಿ ಇದು ಹುಟ್ಟುತ್ತದೆ. ಒಂದು ಮೆಲನೊಸೈಟ್ ಸುತ್ತಲಿನ ಮೂವತ್ತಕ್ಕೂ ಹೆಚ್ಚು ಚರ್ಮಕೋಶಗಳ ಸಂಪರ್ಕದಲ್ಲಿರುತ್ತದೆ. ಆ ನೆರೆಹೊರೆಯವರು ಇ-ಕ್ಯಾಡ್‌ಹೆರಿನ್ ಮೂಲಕ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತಾರೆ. ಮೆಲನೋಮ ಬೆಳೆದಂತೆ ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ 'ಎನ್-ಕ್ಯಾಡ್‌ಹೆರಿನ್' ಹೆಚ್ಚುತ್ತದೆ. ಈ ಎನ್-ಕ್ಯಾಡ್‌ಹೆರಿನ್ ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಲ್ಲೂ ರಕ್ತನಾಳದ ಒಳಗೋಡೆಯ ಕೋಶಗಳಲ್ಲೂ ಇದೆ. ಹೀಗೆ ಕ್ಯಾನ್ಸರ್ ಕೋಶ ಹಳೆಯ ನೆರೆಯವರ ಕೈ ಬಿಟ್ಟು, ಒಳಗಿನವರ ಕೈ ಹಿಡಿದು ಆಳಕ್ಕೆ ಇಳಿಯುತ್ತದೆ. ಇದೇ ಹೊತ್ತಿಗೆ ಒಂದು ವಿಶೇಷ ಇಂಟೆಗ್ರಿನ್ ಕೂಡ ಹೆಚ್ಚಿ ದಾರಿ ಸುಲಭ ಮಾಡುತ್ತದೆ.

ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಮೀನ್‌ಹಾರ್ಡ್ ಹರ್ಲಿನ್ ಅವರ ತಂಡ ಇದನ್ನು ಪರೀಕ್ಷಿಸಿತು. ಮೆಲನೋಮ ಕೋಶಗಳಿಗೆ ಇ-ಕ್ಯಾಡ್‌ಹೆರಿನ್ ಜೀನನ್ನು ಮತ್ತೆ ಸೇರಿಸಿದಾಗ ಅವು ಚರ್ಮಕೋಶಗಳನ್ನು ಪುನಃ ಹಿಡಿದುಕೊಂಡವು, ಒಳನುಗ್ಗುವುದು ಕಡಿಮೆಯಾಯಿತು. ಇದು ಇನ್ನೂ ಔಷಧಿಯಾಗಿಲ್ಲ. ಕ್ಯಾನ್ಸರಿಗೆ ಇದೊಂದೇ ಕಾರಣವೂ ಅಲ್ಲ. ಕೆಲವೊಮ್ಮೆ ಕ್ಯಾನ್ಸರ್ ಕೋಶಗಳು ಗುಂಪಾಗಿಯೇ ಸಾಗುತ್ತವೆ. ಆದರೂ ಕ್ಯಾನ್ಸರ್ ಎಂದರೆ ಬರೀ ಬೆಳವಣಿಗೆಯಲ್ಲ, ಸಂಬಂಧ ಕಡಿದುಕೊಳ್ಳುವುದೂ ಹೌದು ಎಂದು ಈ ಪ್ರಯೋಗ ತೋರಿಸಿತು.

ನಮ್ಮ ಊರಿಗೆ ಇದರಿಂದ ಏನು?

ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಮಾತ್ರ ಬರುತ್ತದೆ ಎಂದು ನಾನೂ ನಂಬಿದ್ದೆ. ನಮ್ಮ ಕಪ್ಪು ಬಣ್ಣ ಬಿಸಿಲಿನಿಂದ ಬಹಳ ರಕ್ಷಣೆ ಕೊಡುತ್ತದೆ, ನಿಜ. ಆದರೆ ಹಳೆಯ ಸುಟ್ಟ ಕಲೆಯಲ್ಲಿ ಹುಟ್ಟುವ ಕ್ಯಾನ್ಸರಿಗೆ ಬಿಸಿಲು ಬೇಕಾಗಿಲ್ಲ. ಕಾಶ್ಮೀರದಲ್ಲಿ ಚಳಿಗೆ ಫಿರನ್ ಒಳಗೆ ಕೆಂಡದ ಕಂಗ್ರಿ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಮೇಲೆ ಬರುವ 'ಕಂಗ್ರಿ ಕ್ಯಾನ್ಸರ್' ವೈದ್ಯಲೋಕಕ್ಕೆ ಹಳೆಯ ಪರಿಚಯ.

ನಮ್ಮಂಥ ಬಣ್ಣದವರಲ್ಲಿ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಹಾಡುಗಾರ ಬಾಬ್ ಮಾರ್ಲೆ ತನ್ನ ಕಾಲ್ಬೆರಳಿನ ಉಗುರಿನ ಕೆಳಗಿನ ಮೆಲನೋಮವನ್ನು ಮೊದಲು ಫುಟ್‌ಬಾಲ್ ಆಟದ ಗಾಯ ಎಂದುಕೊಂಡಿದ್ದ. 1981ರಲ್ಲಿ, 36ನೇ ವಯಸ್ಸಿನಲ್ಲಿ ಅದೇ ಕ್ಯಾನ್ಸರಿನಿಂದ ತೀರಿಕೊಂಡ. ಬರಿಗಾಲಲ್ಲಿ ಹೊಲಕ್ಕೆ ಹೋಗುವ ನಮ್ಮ ಹಿರಿಯರೂ ಅಂಗಾಲಿನ ಕಪ್ಪು ಮಚ್ಚೆಯನ್ನು 'ಮುಳ್ಳು ಮುರಿದಿರಬೇಕು' ಎಂದು ಬಿಟ್ಟುಬಿಡುತ್ತಾರೆ.

ಮೆಲನೋಮದ ದಪ್ಪವನ್ನು ವೈದ್ಯರು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗಿಂತ ತೆಳುವಿದ್ದಾಗಲೇ ತೆಗೆದರೆ ಬಹುಪಾಲು ಜನ ಗುಣವಾಗುತ್ತಾರೆ. ಕೋಶಗಳು ಆಳಕ್ಕೆ ಇಳಿಯುವ ಮುಂಚಿನ ಆ ಸಮಯವೇ ನಮ್ಮ ಕೈಯಲ್ಲಿರುವುದು.

ಆದ್ದರಿಂದ ಗೆಳೆಯರೇ, ಮನೆಗೆ ಹೋದಾಗ ಹಿರಿಯರ ಅಂಗಾಲನ್ನು ಒಮ್ಮೆ ನೋಡಿ. ತಿಂಗಳಾದರೂ ಆರದ ಹುಣ್ಣು, ಹಳೆಯ ಕಲೆಯ ಮೇಲೆ ಎದ್ದ ಗಂಟು, ಬಣ್ಣ ಅಥವಾ ಅಂಚು ಬದಲಾಗುತ್ತಿರುವ ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಖರ್ಚಿಗೆ ಹೆದರುವವರಿಗೆ ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ ಎಂದು ತಿಳಿಸಿ. ತುಂಡು ತೆಗೆದು ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಮನೆಯಲ್ಲೂ ಇತ್ತು. ಹರಡುವುದು ಪರೀಕ್ಷೆಯಿಂದಲ್ಲ, ತಡ ಮಾಡುವುದರಿಂದ.

ಅಲ್ಲಾಹನ ದಯೆಯಿಂದ ದಾದಾ ಈಗ ಚೆನ್ನಾಗಿದ್ದಾರೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ, ಸುಗ್ಗಿ ಇರಲಿ ಬಿಡಲಿ. ಆದರೆ ಆ ಎಂಟು ತಿಂಗಳು ನೆನೆದರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅವರ ಕೋಶಗಳು ಅಷ್ಟು ದಿನ ಕೈ ಬಿಡದೆ ನಿಂತಿದ್ದವು. ಎಲ್ಲರ ಕೋಶಗಳೂ ಅಷ್ಟು ಕಾಯುವುದಿಲ್ಲ.