ಎಳ್ಳಮಾವಾಸ್ಯೆಯ ಊಟವೂ ವಾರದ ಲೆಕ್ಕವೂ

ಎಳ್ಳಮಾವಾಸ್ಯೆಯಂದು ಮಟಕಿ, ಆಳಂದದ ಸೀಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿ, ಶೇಂಗಾಹೋಳಿಗೆಗಳನ್ನು ಬೆಳೆಯ ನಡುವೆಯೇ ಉಣ್ಣುವರು. ತೂಕವಿಳಿಸಲು ಹೊರಟವನು ಆಗ ಕೈಕಟ್ಟಿ ಕುಳಿತಿರಬೇಕೆ? ಬೇಕಿಲ್ಲ; ಶಕ್ತಿಯ ನಿತ್ಯತ್ವ ನಿಯಮವು ಅಷ್ಟು ನಿರ್ದಯವಾದುದಲ್ಲ.

1 ಕಿಲೋಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸುವ ಶಕ್ತಿಯೇ ಆಹಾರದ ಒಂದು ಕ್ಯಾಲೊರಿ. ದೇಹವು ಮಿಕ್ಕುದನ್ನು ಬಹುಮಟ್ಟಿಗೆ ಕೊಬ್ಬಾಗಿ ಕೂಡಿಡುತ್ತದೆ, ಕೊರತೆ ಬಿದ್ದಾಗ ಕರಗಿಸುತ್ತದೆ. ಈ ಜಮಾಖರ್ಚು ಮಧ್ಯರಾತ್ರಿಗೆ ಮುಗಿಯುವುದಿಲ್ಲ. ವಯಸ್ಕನೊಬ್ಬನ ಮಿತಿ ದಿನಕ್ಕೆ 1,800 ಕ್ಯಾಲೊರಿ ಎನ್ನೋಣ. ವಾರಕ್ಕೆ 12,600 ಆಯಿತು. ಹಬ್ಬದಂದು 2,700 ಉಂಡರೆ ಉಳಿದ 6 ದಿನಗಳಿಗೆ 9,900, ಎಂದರೆ ದಿನಕ್ಕೆ 1,650. ಕಡಿಮೆಯಾದ 150 ಕ್ಯಾಲೊರಿ ಸುಮಾರು 45 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸಮ. ಮರುದಿನವೇ ಎಲ್ಲವನ್ನೂ ತೀರಿಸಲು ಉಪವಾಸವಿದ್ದು, ಸಂಜೆ ಇಮ್ಮಡಿ ಉಣ್ಣುವವರನ್ನು ನಾವು ಬಲ್ಲೆವು! ಇನ್ನೂ ಬೆಳೆಯುತ್ತಿರುವ ವಾಚಕರಂತೂ ವೈದ್ಯರನ್ನು ಕೇಳದೆ ಊಟ ಕಡಿತಗೊಳಿಸಬಾರದು.

ಹಬ್ಬದ ಮರುದಿನ ತೂಕದ ಮುಳ್ಳು ಒಂದು ಕಿಲೋ ಏರಿದ್ದರೆ? 1 ಕಿಲೋ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಮಿಗಬೇಕು. ಒಂದು ಊಟದಲ್ಲಿ ಅಷ್ಟೆಲ್ಲಿಯದು? ಸ್ನಾಯು, ಯಕೃತ್ತುಗಳಲ್ಲಿ ಸಂಗ್ರಹವಾಗುವ ಪ್ರತಿ ಗ್ರಾಂ ಗ್ಲೈಕೊಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಏರಿದುದರಲ್ಲಿ ಹೆಚ್ಚಿನದು ಆ ನೀರು, ಮತ್ತು ಹೊಟ್ಟೆಯಲ್ಲಿನ್ನೂ ಇರುವ ಹೋಳಿಗೆ.