ಅತಿಥಿ ಶಿಕ್ಷಕಿಯ ಬಟ್ಟೆ ಚೀಲ

ನಿಮ್ಮ ಮಗು ಸರಕಾರಿ ಶಾಲೆಗೆ ಹೋಗುತ್ತಿದ್ದರೆ ನೀವು ನನ್ನನ್ನು ನೋಡಿರಬಹುದು. ನನ್ನನ್ನಲ್ಲದಿದ್ದರೆ ನನ್ನಂಥವಳೊಬ್ಬಳನ್ನು. ಜೂನ್‌ನಲ್ಲೋ ಜುಲೈಯಲ್ಲೋ ಮಳೆಯಲ್ಲಿ ನೆನೆದ ಬುರ್ಖಾದ ಅಂಚು ಹಿಂಡುತ್ತಾ ಶಾಲೆಯ ಜಗಲಿ ಹತ್ತುವ ಹೊಸ ಟೀಚರ್. ದಸರಾ ರಜೆಯ ಹೊತ್ತಿಗೆ ಮಕ್ಕಳ ಹೆಸರೆಲ್ಲ ಬಾಯಿಪಾಠವಾಗಿರುತ್ತದೆ. ಮಾರ್ಚ್ ಮುಗಿದು ಮತ್ತೆ ಶಾಲೆ ತೆರೆಯುವಾಗ ಅವಳು ಅಲ್ಲಿರುವುದಿಲ್ಲ. “ಆ ಟೀಚರ್ ಎಲ್ಲಿ?” ಎಂದು ಮಗು ಮನೆಯಲ್ಲಿ ಕೇಳುತ್ತದೆ. “ಅವರು ಪರ್ಮನೆಂಟ್ ಅಲ್ಲ ಮೋನೇ” ಎಂದು ನೀವು ಹೇಳುತ್ತೀರಿ. ಅಲ್ಲಿಗೆ ಮಾತು ಮುಗಿಯಿತು!

ಸರಕಾರದ ಭಾಷೆಯಲ್ಲಿ ನಮಗೆ ‘ಅತಿಥಿ ಶಿಕ್ಷಕಿ’ ಎಂಬ ಚೆಂದದ ಹೆಸರಿದೆ. ಅತಿಥಿ ಎಂದರೆ ಕೂರಿಸಿ ಚಹಾ ಕೊಡುತ್ತಾರೆ ಎಂದು ಭಾವಿಸಬೇಡಿ. ಹುದ್ದೆ ಖಾಲಿ ಇದ್ದಲ್ಲಿ, ಯಾರಾದರೂ ವರ್ಗವಾಗಿ ಹೋದಲ್ಲಿ, ಹೆರಿಗೆ ರಜೆಯಲ್ಲಿ ಇದ್ದಲ್ಲಿ ನಮ್ಮನ್ನು ಕರೆಯುತ್ತಾರೆ. ಖಾಯಂ ಶಿಕ್ಷಕರು ಬಂದ ದಿನ ನಮ್ಮ ಕೆಲಸ ಮುಗಿಯಿತು. ಯಾರೂ ಬರದಿದ್ದರೆ ವರ್ಷದ ಕೊನೆಯವರೆಗೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರವಿದ್ದ ಗೌರವಧನಕ್ಕೆ 2025ರ ರಾಜ್ಯ ಬಜೆಟ್‌ನಲ್ಲಿ 2 ಸಾವಿರ ಸೇರಿಸಲಾಯಿತು. ಅದೂ ತಿಂಗಳು ತಿಂಗಳು ಬರುವುದಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಆ ದಿನ ನಮ್ಮ ಮನೆಯಲ್ಲಿ ಪೆರ್ನಾಳ್. ಏಪ್ರಿಲ್ ಮತ್ತು ಮೇಯಲ್ಲಿ ಏನೂ ಇಲ್ಲ. ಆ ಎರಡು ತಿಂಗಳು ನಾನು ನೆರೆಮನೆಯವರ ಬ್ಲೌಸ್ ಹೊಲಿಯುತ್ತೇನೆ.

ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ಬಟ್ಟೆ ಚೀಲದ ಬಗ್ಗೆ ನಿಮಗೆ ಹೇಳಬೇಕಿತ್ತು.

ಬೆಳಿಗ್ಗೆ ಸುಬ್‌ಹಿ ನಮಾಝ್ ಮುಗಿಸಿ, ಅಕ್ಕಿ ರೊಟ್ಟಿ ಬಡಿದು, ಇಬ್ಬರು ಮಕ್ಕಳ ಬುತ್ತಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು ಎಂಟೂ ಹತ್ತರ ಬಸ್ಸು ಹಿಡಿಯುತ್ತೇನೆ. ಒಂದು ಕಿಲೋಮೀಟರ್ ನಡಿಗೆ. ಪ್ರಾರ್ಥನೆ, ಹಾಜರಿ, ಹಾಲಿನ ಪುಡಿ ಕಲಸಿದ ಬಿಸಿ ಹಾಲು. ಬಳಿಕ ಐದನೆಯ ಮತ್ತು ಆರನೆಯ ತರಗತಿ ಒಂದೇ ಕೋಣೆಯಲ್ಲಿ. ಒಂದು ಕಡೆ ಭಿನ್ನರಾಶಿ, ಇನ್ನೊಂದು ಕಡೆ ಕನ್ನಡ ಗದ್ಯ. ಮಧ್ಯಾಹ್ನ ಬಿಸಿಯೂಟಕ್ಕೆ ಸಾಲು ನಿಲ್ಲಿಸುವುದು, ತಟ್ಟೆ ತೊಳೆಯುವಲ್ಲಿ ಜಗಳ ಬಿಡಿಸುವುದು. ಅಷ್ಟರಲ್ಲಿ ಖಾಯಂ ಶಿಕ್ಷಕರಲ್ಲಿ ಒಬ್ಬರಿಗೆ ತರಬೇತಿ, ಇನ್ನೊಬ್ಬರಿಗೆ ಮತದಾರರ ಪಟ್ಟಿಯ ಕೆಲಸ. ಅವರ ಪೀರಿಯಡ್ ಯಾರಿಗೆ? ಅತಿಥಿಗೆ!

ಆ ಬದಲಿ ಪೀರಿಯಡ್‌ಗಳಿಗೆಂದೇ ನನ್ನ ಚೀಲ. ಪಾಠ ಮಾಡುವಂತಿಲ್ಲ, ಅದು ಆ ಶಿಕ್ಷಕರ ಪಾಠ. ಸುಮ್ಮನೆ ಕೂರಿಸಿದರೆ ಹತ್ತು ನಿಮಿಷದಲ್ಲಿ ಒಬ್ಬನ ಹಣೆ ಒಡೆಯುತ್ತದೆ. ಹಾಗಾಗಿ ಹನ್ನೊಂದು ವರ್ಷಗಳಲ್ಲಿ, ಐದು ಶಾಲೆಗಳಲ್ಲಿ, ಆ ಚೀಲಕ್ಕೆ ನಾನು ನನ್ನ ಬಾಲ್ಯವನ್ನೇ ತುಂಬಿಸಿಕೊಂಡು ತಿರುಗುತ್ತಿದ್ದೇನೆ ಎಂದರೆ ನಗುವಿರಾ?

ಅದರಲ್ಲಿ ಏಳು ಹಳೆಯ ‘ಚಂದಮಾಮ’ಗಳಿವೆ. ಬದಿ ಹರಿದು, ಉಪ್ಪ ಗೋಣಿದಾರದಿಂದ ಹೊಲಿದವು. ಉಪ್ಪನಿಗೆ ಗುಜರಿಯ ವ್ಯಾಪಾರ. ರದ್ದಿ ಕಾಗದದ ಕಟ್ಟಿನಲ್ಲಿ ಚಂದಮಾಮ ಸಿಕ್ಕಿದರೆ ತೂಕಕ್ಕೆ ಹಾಕದೆ ಮನೆಗೆ ತರುತ್ತಿದ್ದರು. ಹೆಗಲ ಮೇಲೆ ಶವ ಹೊತ್ತು ಖಡ್ಗ ಹಿಡಿದು ನಡೆಯುವ ವಿಕ್ರಮನ ಚಿತ್ರ ನಿಮಗೂ ನೆನಪಿರಬೇಕು. ಅದನ್ನು ಬರೆದ ಕಲಾವಿದ ಶಂಕರ್ 2020ರಲ್ಲಿ 96ರ ವಯಸ್ಸಿನಲ್ಲಿ ತೀರಿಕೊಂಡಾಗ ಆ ಸುದ್ದಿ ಓದಿ ನಾನು ಆ ಏಳು ಪುಸ್ತಕಗಳನ್ನು ಹೊರತೆಗೆದು ಬಿಸಿಲಿಗೆ ಹರಡಿದ್ದೆ. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ ಬಳಿಕ ಕನ್ನಡಕ್ಕೂ ಬಂದ ಆ ಪತ್ರಿಕೆ ಈಗಿಲ್ಲ. ‘ಬಾಲಮಂಗಳ’ದ ಡಿಂಗನೂ ನನ್ನ ಚೀಲದಲ್ಲಿದ್ದಾನೆ, ಆದರೆ ಮುಖಪುಟ ಇಲ್ಲ. ತಮ್ಮನ ಕೆಲಸ.

ಮೊದಲ ವರ್ಷ ಬಹಳ ಹುಮ್ಮಸ್ಸಿನಿಂದ ಚಂದಮಾಮವನ್ನು ಮಕ್ಕಳ ಕೈಗೆ ಕೊಟ್ಟೆ. ನಾಲ್ಕು ಪುಟ ತಿರುವಿ ಒಬ್ಬ ಹುಡುಗ ಹಿಂದೆ ಕೊಟ್ಟ. “ಧೂಳಿನ ವಾಸನೆ ಟೀಚರ್.” ಎಷ್ಟು ಬೇಸರವಾಯಿತೆಂದರೆ... ಈಗಿನ ಮಕ್ಕಳಿಗೆ ಓದುವ ಅಭಿರುಚಿಯೇ ಇಲ್ಲ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದೆ. ಮೊಬೈಲನ್ನು ಬೈದೆ. ನೀವೂ ಬೈದಿರುತ್ತೀರಿ.

ಒಂದು ಮಳೆಯ ದಿನ ಕರೆಂಟ್ ಹೋಗಿತ್ತು. ಹೆಂಚಿನ ಮೇಲೆ ಮಳೆಯ ಸದ್ದು, ಬೋರ್ಡ್ ಕಾಣುವುದಿಲ್ಲ. ಬೇರೇನೂ ತೋಚದೆ ನಾನೇ ಬೇತಾಳನ ಕತೆಯನ್ನು ಗಟ್ಟಿಯಾಗಿ ಓದತೊಡಗಿದೆ. ಬೇತಾಳ ಪ್ರಶ್ನೆ ಕೇಳುತ್ತದಲ್ಲ, ಅಲ್ಲಿಗೆ ಪುಸ್ತಕ ಮುಚ್ಚಿಬಿಟ್ಟೆ. ಕ್ಷಣ ಮೌನ. ಆಮೇಲೆ ಕೋಣೆಯ ತುಂಬ ಜಗಳ! ತಪ್ಪು ರಾಜನದ್ದೋ, ಮಂತ್ರಿಯದ್ದೋ? ಕನ್ನಡ, ತುಳು, ಬ್ಯಾರಿ ಮೂರೂ ಭಾಷೆಗಳಲ್ಲಿ ವಾದ. ಧೂಳಿನ ವಾಸನೆ ಎಂದವನೇ ಬೆಂಚು ಹತ್ತಿ ನಿಂತಿದ್ದ. ಆಗ ನನಗೆ ನೆನಪಾಯಿತು: ನಾನಾದರೂ ಆ ಕತೆಗಳನ್ನು ಮೊದಲು ಓದಿದ್ದು ಎಲ್ಲಿ? ಓದಿಯೇ ಇರಲಿಲ್ಲ. ಉಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲವೆಂದು ಬೀಡಿ ಕಟ್ಟುತ್ತಾ ಕೂತವರಿಗೆ ದೊಡ್ಡಕ್ಕ ಗಟ್ಟಿಯಾಗಿ ಓದುತ್ತಿದ್ದಳು. ಬೀಡಿ ಎಲೆಯ ವಾಸನೆ ಮತ್ತು ಬೇತಾಳ ನನ್ನ ತಲೆಯಲ್ಲಿ ಒಟ್ಟಿಗೇ ಇವೆ.

ನಾಟಕದ ಹುಚ್ಚು ಹತ್ತಿದ್ದೂ ಹಾಗೆ ಕಿವಿಯಿಂದಲೇ. ನಮ್ಮ ಮನೆಯ ಎದುರು ಗದ್ದೆ. ಅದರ ಆಚೆ, ಕೊಯ್ಲು ಮುಗಿದ ಮೇಲೆ, ಯಕ್ಷಗಾನ ಬಯಲಾಟ. ರಾತ್ರಿಯಿಡೀ ಚೆಂಡೆಯ ಸದ್ದು ಗದ್ದೆ ದಾಟಿ ಬರುತ್ತಿತ್ತು. ಉಮ್ಮ ಒಮ್ಮೆಯೂ ಹೋದವರಲ್ಲ. ಆದರೆ ಚೆಂಡೆ ಬಿಡ್ತಿಗೆಗೆ ಏರಿದಾಗ “ಈಗ ರಾಕ್ಷಸ ಬಂದ” ಎನ್ನುತ್ತಿದ್ದರು! ನಾನು ಚಿಕ್ಕವಳಾದ್ದರಿಂದ ಪಕ್ಕದ ಮನೆಯ ಅಕ್ಕನೊಂದಿಗೆ ಚಾಪೆ ಹಿಡಿದು ಹೋಗಲು ಪರವಾನಗಿ ಇತ್ತು. ನೆಲಗಡಲೆ ತಿನ್ನುವುದು, ನಿದ್ದೆ ಮಾಡುವುದು, ರಾಕ್ಷಸ ಬಂದಾಗ ಅವರು ಎಬ್ಬಿಸುವುದು.

ಒಮ್ಮೆ ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಇತ್ತು. ಮೂಲ್ಕಿಯ ಶಾಂಭವಿ ನದಿಯಲ್ಲಿ ಹಡಗು ನಿಂತುಹೋಗಿ, ಕೊನೆಗೆ ದೇವಸ್ಥಾನ ಕಟ್ಟಿಸಿದ ಮುಸ್ಲಿಮ್ ವ್ಯಾಪಾರಿ ಬಪ್ಪ ಬ್ಯಾರಿಯ ಕತೆ. ರಂಗಕ್ಕೆ ಬ್ಯಾರಿಯ ವೇಷ ಬಂದದ್ದೇ ತಡ, ಅದರ ಮಾತಿನ ಧಾಟಿಗೆ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬರುವಾಗ ಒಂದು ಸಂಶಯ ಹುಟ್ಟಿತು: ಉಪ್ಪ ಪೇಟೆಯಲ್ಲಿ ಕನ್ನಡ ಮಾತಾಡುವಾಗ ಜನ ಹೀಗೆಯೇ ನಗುತ್ತಾರೆಯೇ? ಅದೇ ಆಟದ ಕೊನೆಯಲ್ಲಿ ಅದೇ ಬ್ಯಾರಿಗೆ ಎಲ್ಲರೂ ಕೈಮುಗಿದದ್ದನ್ನೂ ನೋಡಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ಆ ವಯಸ್ಸಿಗೆ ತಿಳಿದಿರಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ.

ಆರನೆಯ ತರಗತಿಯಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ನನ್ನನ್ನು ಆರಿಸಿದರು. ರಾಜನ ಪಾತ್ರ! ಗಂಟಲು ಅಷ್ಟು ದೊಡ್ಡದಿತ್ತು. ಒಂದು ತಿಂಗಳ ಅಭ್ಯಾಸ. ಇನ್ನು ಎರಡು ದಿನ ಇದೆ ಎನ್ನುವಾಗ ಉಪ್ಪ ಬೇಡವೆಂದರು. ಯಾರೋ ಪೇಟೆಯಲ್ಲಿ ಏನೋ ಅಂದಿದ್ದರಂತೆ. ಗದರಿಸಲಿಲ್ಲ, ಕಾರಣವನ್ನೂ ಹೇಳಲಿಲ್ಲ. ನನ್ನ ಕಿರೀಟ ಇನ್ನೊಬ್ಬ ಹುಡುಗನ ತಲೆಗೇರಿತು. ಅವನಿಗೆ ಮಾತು ಬಾಯಿಪಾಠ ಆಗಿರಲಿಲ್ಲವಾದ್ದರಿಂದ ಟೀಚರ್ ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದರು. ಇಡೀ ನಾಟಕ ನಾನು ಪಿಸುಗುಟ್ಟಿದೆ, ಅವನು ಗರ್ಜಿಸಿದ. ಚಪ್ಪಾಳೆ ಬಂದಾಗ ನಾನು ಪರದೆಯ ಹಗ್ಗ ಹಿಡಿದುಕೊಂಡಿದ್ದೆ.

ಮುಂದೆ ಡಿ.ಎಡ್. ಕಲಿಯುವಾಗ ನೀನಾಸಂನ ‘ತಿರುಗಾಟ’ದ ನಾಟಕ ನಮ್ಮ ಪೇಟೆಯ ಸಭಾಭವನಕ್ಕೆ ಬಂದಿತ್ತು. ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ಸಂಸ್ಥೆ ಅದು. 1985ರಿಂದ ಅದರ ತಂಡ ಊರೂರು ಸುತ್ತುತ್ತಾ ನಾಟಕ ಆಡುತ್ತಿದೆ. ಲಾರಿಯಿಂದ ಪೆಟ್ಟಿಗೆ ಇಳಿಸಿ, ಆಡಿ, ರಾತ್ರಿಯೇ ಮತ್ತೆ ಪೆಟ್ಟಿಗೆ ಕಟ್ಟುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ. ನನ್ನ ಬದುಕೂ ಇದೇ ತಿರುಗಾಟ ಆಗಲಿದೆಯೆಂದು ಆಗ ಯಾರಿಗೆ ಗೊತ್ತಿತ್ತು?

ಈಗ ಕಳೆದ ವರ್ಷದ ಸಂಗತಿಗೆ ಬರುತ್ತೇನೆ. ಆರನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುವ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಮಾತ್ರ ಕನ್ನಡ. ಓದಲು ಎಬ್ಬಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುವ ಸದ್ದು. ಆದರೆ ಆಟದ ಬಯಲಿನಲ್ಲಿ ಅವಳ ಗಂಟಲು ಕೇಳಬೇಕಿತ್ತು ನೀವು! ಬಾವಿಕಟ್ಟೆಯಿಂದ ಕೂಗಿದರೆ ರಸ್ತೆಗೆ ಕೇಳುತ್ತಿತ್ತು. ನನಗೆ ಯಾರ ನೆನಪಾಗಿರಬೇಕು ಹೇಳಿ.

ಆ ವರ್ಷ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕತೆಯನ್ನು ನಾಟಕ ಮಾಡಿಸೋಣವೆಂದು ಹೊರಟೆ. ಪಂಜೆಯವರು ನಮ್ಮವರೇ, 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ಇನ್‌ಸ್ಪೆಕ್ಟರ್ ಎಂದರೆ ನಡುಗುವ ಕಾಲದಲ್ಲಿ ಮಕ್ಕಳಿಗಾಗಿ ಕತೆ, ಪದ್ಯ ಬರೆದ ಪುಣ್ಯಾತ್ಮರು! ಕತೆ ಸರಪಣಿಯ ಹಾಗೆ. ಒಣಗದ್ದಕ್ಕೆ ಸಿಗಡಿ ಬೇರೊಬ್ಬರತ್ತ ಬೆರಳು ತೋರಿಸುತ್ತದೆ, ಅವರು ಮತ್ತೊಬ್ಬರತ್ತ. ಪ್ರತಿಯೊಂದು ಮಗುವಿಗೂ ಒಂದು ಮಾತು ಸಿಗುತ್ತದೆ, ಯಾರೂ ಬರೀ ಮರವಾಗಿ ನಿಲ್ಲಬೇಕಿಲ್ಲ. ಸಿಗಡಿ ಎಂದರೇನೆಂದು ಘಟ್ಟದ ಮೇಲಿನಿಂದ ಬಂದ ಕೂಲಿಯವರ ಮಗನೊಬ್ಬ ಕೇಳಿದ. ಇಡೀ ಕ್ಲಾಸು ಒಟ್ಟಿಗೆ “ಎಟ್ಟಿ!” ಎಂದು ತುಳುವಿನಲ್ಲಿ ಕಿರುಚಿತು. ಮಕ್ಕಳು ಕತೆಯನ್ನು ಹಾಗೇ ಬಿಡಲಿಲ್ಲ. ದನ, ದನ ಕಾಯುವವನು, ಗಂಜಿ ಬೇಯಿಸದ ಅಜ್ಜಿ, ಅಜ್ಜಿಯ ಮನೆಗೆ ಬಾರದ ಗ್ಯಾಸ್ ಸಿಲಿಂಡರ್, ಸಿಲಿಂಡರ್ ಗಾಡಿಗೆ ದಾರಿ ಬಿಡದ ಬಸ್ಸು! ಪಂಜೆಯವರು ಕ್ಷಮಿಸಿಯಾರು.

ಅಜ್ಜಿಯ ಪಾತ್ರ ಅವಳಿಗೆ. ಮಾತನ್ನು ನಾನು ಬರೆದು ಕೊಡಲಿಲ್ಲ, ಹೇಳಿಕೊಟ್ಟೆ. ಮರುದಿನ ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದಳು. ಒಂದು ವಾರವಾದ ಮೇಲೆ ತಾನಾಗಿ ಕೇಳಿದಳು, “ಅದನ್ನು ಬರೆದರೆ ಹೇಗೆ ಕಾಣುತ್ತದೆ ಟೀಚರ್?” ಬೋರ್ಡಿನಲ್ಲಿ ಬರೆದೆ. ತನ್ನದೇ ಮಾತಾದ್ದರಿಂದ ಒತ್ತಕ್ಷರ ಅವಳನ್ನು ತಡೆಯಲಿಲ್ಲ.

ಮರುವಾರ ಅವಳು ತಲೆತಗ್ಗಿಸಿ ಬಂದಳು. “ಉಮ್ಮ ಬೇಡ ಹೇಳಿದ್ದಾರೆ.”

ಮೂವತ್ತು ವರ್ಷ ಹಿಂದಿನ ಪರದೆಯ ಹಗ್ಗ ನನ್ನ ಕೈಗೆ ಬಂದಂತಾಯಿತು. ಸಿಟ್ಟೂ ಬಂತು, ಸುಳ್ಳು ಹೇಳಲಾರೆ. ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಆ ತಾಯಿಗೆ ನನಗಿಂತ ಹತ್ತು ವರ್ಷ ಕಡಿಮೆ ಪ್ರಾಯ, ಗಂಡ ದಮ್ಮಾಮ್‌ನಲ್ಲಿ. ಚಹಾ ಮತ್ತು ಬಿಸ್ಕೆಟ್ ಇಟ್ಟು ಅವರೇ ಮಾತು ತೆಗೆದರು. “ನಾಟಕ ಬೇಡ ಅಂತಲ್ಲ ಟೀಚರ್. ಮನೆಯಲ್ಲಿ ದಿನಾ ಅಜ್ಜಿಯ ಹಾಗೆ ಮಾತಾಡಿ ನಮ್ಮನ್ನು ನಗಿಸುತ್ತಾಳೆ. ಆದರೆ ಎಲ್ಲರ ಕೈಯಲ್ಲೂ ಮೊಬೈಲು. ಯಾರೋ ವೀಡಿಯೋ ತೆಗೆದು ಸ್ಟೇಟಸ್ ಹಾಕುತ್ತಾರೆ. ಅದರ ಕೆಳಗೆ ಯಾರು ಏನು ಬರೆಯುತ್ತಾರೆಂದು ನನಗೆ ಗೊತ್ತಾ? ಇವಳ ಬಾಪ ಅಲ್ಲಿ, ಉತ್ತರ ಕೊಡಬೇಕಾದವಳು ನಾನು.”

ಸಹೋದರಿಯರೇ, ನಾನು ಹೋಗುವಾಗ ತಯಾರು ಮಾಡಿಕೊಂಡಿದ್ದ ಭಾಷಣಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನನ್ನ ಉಪ್ಪನೂ ಹೀಗೆ ಬಾಯಿಬಿಟ್ಟು ಹೇಳಿದ್ದರೆ ಎಂದು ಮಾತ್ರ ಅನ್ನಿಸಿತು. ಚಹಾ ಮುಗಿಯುವುದರೊಳಗೆ ನಾವಿಬ್ಬರೂ ಒಂದು ದಾರಿ ಹುಡುಕಿದೆವು. ವಾರ್ಷಿಕೋತ್ಸವದ ಸ್ಟೇಜು ಬೇಡ. ಒಂದು ಶನಿವಾರ ಶಾಲೆಯ ಜಗಲಿಯಲ್ಲೇ ನಾಟಕ, ತಾಯಂದಿರನ್ನು ಮಾತ್ರ ಕರೆಯುವುದು, ಎಲ್ಲರ ಮೊಬೈಲು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲೆ. ಮುಖ್ಯೋಪಾಧ್ಯಾಯಿನಿ ಮೊದಲು ಹುಬ್ಬೇರಿಸಿದರು, ಆಮೇಲೆ ತಮ್ಮ ಮೊಬೈಲನ್ನೇ ಮೊದಲು ಇಟ್ಟರು.

ಮೂವತ್ತಕ್ಕೂ ಹೆಚ್ಚು ತಾಯಂದಿರು ಬಂದರು. ಬುರ್ಖಾದವರು, ಸೀರೆಯವರು, ತೋಟದ ಕೆಲಸದಿಂದ ನೇರ ಬಂದವರು. ಬೆಂಚು ಸಾಲದೆ ಕೆಲವರು ನೆಲದಲ್ಲಿ ಕೂತರು. ರಟ್ಟಿನ ಸಿಗಡಿಯ ಮೀಸೆ ಮೊದಲ ನಿಮಿಷದಲ್ಲೇ ಬಿತ್ತು. ದನ ತನ್ನ ಉಮ್ಮನನ್ನು ಕಂಡು ನಾಚಿ ಗೋಡೆಯ ಕಡೆ ತಿರುಗಿತು. ಅಜ್ಜಿ ನನ್ನ ದುಪಟ್ಟ ಹೊದ್ದು, ಕೋಲೂರಿ ಬಂದಳು. ಜಗಲಿ ಪೂರ್ತಿ ನಗು. “ಗಂಜಿ ಯಾಕೆ ಬೇಯಿಸಲಿಲ್ಲ ಅಜ್ಜಿ?” ಎಂದರೆ... ಉತ್ತರವಿಲ್ಲ. ಮರೆತುಹೋಗಿದೆ! ನಾನು ಕಂಬದ ಹಿಂದೆ ನಿಂತು ಪಿಸುಗುಟ್ಟಲು ಬಾಯಿ ತೆರೆದೆ, ಅದು ನನ್ನ ಹಳೆಯ ಕೆಲಸ ತಾನೇ? ಅಷ್ಟರಲ್ಲಿ ಎರಡನೆಯ ಬೆಂಚಿನಿಂದ ಅವಳ ಉಮ್ಮ ಗಟ್ಟಿಯಾಗಿ, ಅಜ್ಜಿಯ ಧ್ವನಿಯಲ್ಲೇ, ಇಡೀ ಮಾತನ್ನು ಹೇಳಿಬಿಟ್ಟರು. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು. ಮಗಳು ಕೋಲನ್ನು ನೆಲಕ್ಕೆ ಕುಟ್ಟಿ, “ಹೌದು, ಅದೇ!” ಎಂದಳು. ಅದು ನಾಟಕದಲ್ಲಿ ಇರಲಿಲ್ಲ.

ವೀಡಿಯೋ ಇಲ್ಲದ್ದರಿಂದ ದಮ್ಮಾಮ್‌ನಲ್ಲಿದ್ದ ಬಾಪ ಬೇಸರಪಟ್ಟರಂತೆ. ಆ ರಾತ್ರಿ ಉಮ್ಮ ಮತ್ತು ಮಗಳು ಸೇರಿ ಇಡೀ ನಾಟಕವನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿದರು. ಆಕಾಶವಾಣಿಯ ನಾಟಕದ ಹಾಗೆ. ಸಿಗಡಿಯೂ ಉಮ್ಮ, ಬಸ್ಸೂ ಉಮ್ಮ.

ಮಾರ್ಚ್ ಕೊನೆಗೆ ಆ ಶಾಲೆಯಲ್ಲಿ ನನ್ನ ಲೆಕ್ಕ ಮುಗಿಯಿತು. ರಟ್ಟಿನ ಸಿಗಡಿಯನ್ನು ಮಡಚಿ ಚೀಲಕ್ಕೆ ಹಾಕಿದೆ, ಚಂದಮಾಮಗಳ ನಡುವೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದಾಗ ಆ ತಾಯಿಯ ಫೋನ್ ಬಂತು. ಹಿಂದಿನಿಂದ ಪುಟ್ಟ ಹುಡುಗನೊಬ್ಬ ಹಠ ಮಾಡುವ ಸದ್ದು.

“ಟೀಚರ್, ಮಲಗಿದ್ರಾ? ಚಿಕ್ಕವನಿಗೆ ದಿನಾ ಅದೇ ಕತೆ ಆಗಬೇಕು. ಇವಳು ಅಜ್ಜಿಯ ಮನೆಗೆ ಹೋಗಿದ್ದಾಳೆ. ಸಿಲಿಂಡರ್ ಆದ ಮೇಲೆ ಯಾರು, ಗಾಡಿಯಾ ಬಸ್ಸಾ?”