ವೆನ್‌ಲಾಕ್ ಆಸ್ಪತ್ರೆಯ ಗುರುಪರಂಪರೆ

ಶಿರ್ತಾಡಿಯಂಥ ಊರುಗಳಲ್ಲಿ ಕಾಯಿಲೆಯು ಊರ ವೈದ್ಯರ ಕೈಮೀರಿತೆಂದರೆ ಮೂಡುಬಿದಿರೆ, ಅಲ್ಲಿಯೂ ಗುಣ ಕಾಣದಿದ್ದರೆ ‘ಮಂಗಳೂರಿಗೆ ಬರೆದುಕೊಟ್ಟರು’ ಎಂಬ ಮಾತು ಕೇಳಿಬರುತ್ತದೆ. ಆ ಚೀಟಿಯನ್ನು ಹಿಡಿದು ಹಂಪನಕಟ್ಟೆಯ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯನ್ನು ಸೇರುವ ರೋಗಿಗೆ, ತನ್ನ ಹಾಸಿಗೆಯ ಸುತ್ತ ನೆರೆದವರಲ್ಲಿ ಯಾರು ಸರಕಾರದವರು, ಯಾರು ಕಾಲೇಜಿನವರು, ಯಾರು ಕಲಿಸುವವರು, ಯಾರು ಇನ್ನೂ ಕಲಿಯುವವರು ಎಂಬ ಭೇದವು ತಿಳಿಯದು. ಅವನಿಗೆ ಅದರ ಅಗತ್ಯವೂ ಇಲ್ಲ. ನಾವಾದರೋ ಅರಿತಿರುವುದು ಲೇಸು.

1848ರಲ್ಲಿ ಆರಂಭಗೊಂಡು, ತರುವಾಯ ಮದರಾಸಿನ ಗವರ್ನರರಾಗಿದ್ದ ಲಾರ್ಡ್ ವೆನ್‌ಲಾಕ್‌ರ ಹೆಸರನ್ನು ಧರಿಸಿದ ಈ ಆಸ್ಪತ್ರೆಯು ವಿದ್ಯಾಲಯವೂ ಆದದ್ದು ಡಾ. ಟಿ. ಎಂ. ಎ. ಪೈಯವರ ಸಾಹಸದ ಫಲ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದ ಅವರಿಗೆ, ಅಂಗರಚನೆ, ಶರೀರಕ್ರಿಯೆಗಳ ಪಾಠವನ್ನು ಅಲ್ಲಿಯೇ ನಡೆಸುವುದು ಸಾಧ್ಯವಿತ್ತು. ಆದರೆ ರೋಗಿಗಳಿಲ್ಲದೆ ಚಿಕಿತ್ಸಾವಿದ್ಯೆಯನ್ನು ಕಲಿಸುವ ಬಗೆಯೆಂತು? ಆದಕಾರಣ 1955ರಲ್ಲಿ ಮಂಗಳೂರಿನಲ್ಲಿಯೂ ಕಾಲೇಜು ನೆಲೆಗೊಂಡಿತು. ವೆನ್‌ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳು ಅದರ ಪಾಠಶಾಲೆಗಳಾದವು. ಹಾಸಿಗೆ ಸರಕಾರದ್ದು, ಅಧ್ಯಾಪಕರು ಖಾಸಗಿ ಕಾಲೇಜಿನವರು ಎಂಬ ಈ ಏರ್ಪಾಡು ಅಂದಿಗೆ ಅಪೂರ್ವವಾದುದು.

ಅಧ್ಯಾಪಕನ ವೃತ್ತಿಮಾರ್ಗವು ನಿಯಮಬದ್ಧವಾದುದು. ಸ್ನಾತಕೋತ್ತರ ಪದವಿಯ ಬಳಿಕ ಸೀನಿಯರ್ ರೆಸಿಡೆಂಟ್ ಆಗಿ ದುಡಿದವನು ಸಹಾಯಕ ಪ್ರಾಧ್ಯಾಪಕನಾಗಿ, ಕನಿಷ್ಠ 4 ವರ್ಷಗಳ ಸೇವೆಯ ಮೇಲೆ ಸಹ ಪ್ರಾಧ್ಯಾಪಕನಾಗಿ, ಮತ್ತೆ 3 ವರ್ಷಗಳಾದ ಮೇಲೆ ಪ್ರಾಧ್ಯಾಪಕನ ಸ್ಥಾನಕ್ಕೆ ಅರ್ಹನಾಗುತ್ತಾನೆ. ನಡುನಡುವೆ ಸಂಶೋಧನ ಲೇಖನಗಳನ್ನೂ ಪ್ರಕಟಿಸಬೇಕು. ವಾರ್ಡಿನಲ್ಲಿ ಇವರೆಲ್ಲರೂ ಒಂದು ಯೂನಿಟ್ಟಿಗೆ ಸೇರಿದವರು. ಯೂನಿಟ್ಟಿಗೆ ಒಬ್ಬ ಮುಖ್ಯಸ್ಥ, ಅದಕ್ಕೆ ಗೊತ್ತುಪಡಿಸಿದ ಓಪಿಡಿ ದಿನ, ಅಡ್ಮಿಷನ್ ದಿನ, ಶಸ್ತ್ರವೈದ್ಯಕ್ಕಾದರೆ ಆಪರೇಷನ್ ದಿನ.

ಆದರೆ ಬೆಳಗಿನ ರೌಂಡ್ಸಿನ ವೇಳೆಗೆ ವಾರ್ಡಿನಲ್ಲಿ ಒಂದು ಘಳಿಗೆ ನಿಂತು ನೋಡಿದವರಿಗೆ, ಈ ಶ್ರೇಣಿಯ ಹೊರಗಿರುವ ಗುರುಗಳೂ ಕಾಣಿಸುತ್ತಾರೆ. ದೂರದ ಉತ್ತರದಿಂದ ಓದಲು ಬಂದ ಹೌಸ್ ಸರ್ಜನ್, ತುಳುವಲ್ಲದೆ ಬೇರೆ ಬಾರದ ಮುದುಕಿಯ ಹೊಟ್ಟೆನೋವಿನ ವೃತ್ತಾಂತವನ್ನು ಅರ್ಧಂಬರ್ಧ ಬರೆದುಕೊಂಡು ತಡವರಿಸುತ್ತಿರುವಾಗ, ಬಿ.ಪಿ. ನೋಡುತ್ತಿದ್ದ ಸ್ಟಾಫ್ ನರ್ಸ್, ನೋವು ಬರುವುದು ಉಣ್ಣುವ ಮೊದಲೋ ಉಂಡ ಮೇಲೋ ಎಂದು ತುಳುವಿನಲ್ಲಿ ಕೇಳಿಬಿಡುತ್ತಾಳೆ. ಹಸಿದಾಗ ಬಂದು ಉಂಡರೆ ಶಮನವಾಗುವ ನೋವು ಸಣ್ಣಕರುಳಿನ ಆರಂಭಭಾಗದ ಹುಣ್ಣಿನತ್ತ ಬೆರಳು ತೋರುವಂಥದು. ಪ್ರಾಧ್ಯಾಪಕರು ಬಂದು ಕೇಳುವ ಮೊದಲ ಪ್ರಶ್ನೆಯೂ ಪ್ರಾಯಶಃ ಅದೇ. ಕೈಗೆ ರಕ್ತನಾಳ ಸಿಕ್ಕದೆ ಬೆವರುವ ಹೊಸಬನಿಗೆ ಪಟ್ಟಿಯನ್ನು ಎಲ್ಲಿ ಬಿಗಿಯಬೇಕೆಂದು ತೋರಿಸುವವಳೂ ಅವಳೇ. ರಕ್ತದ ಮಾದರಿ ಹೆಪ್ಪುಗಟ್ಟಿದೆ, ಮತ್ತೆ ತೆಗೆಯಿರಿ ಎಂದು ಹಿಂದಿರುಗಿಸುವ ಲ್ಯಾಬ್ ಟೆಕ್ನೀಷಿಯನ್, ಥಿಯೇಟರಿನಲ್ಲಿ ಕೈತೊಳೆಯುವ ಕ್ರಮ ತಪ್ಪಿದರೆ ಮುಲಾಜಿಲ್ಲದೆ ಮತ್ತೊಮ್ಮೆ ತೊಳೆಯಿಸುವ ಸಿಸ್ಟರ್ — ಇವರಾರಿಗೂ ಬೋಧಕರೆಂಬ ಬಿರುದಿಲ್ಲ. ಇವರ ಬಡ್ತಿಯ ಮೆಟ್ಟಿಲುಗಳು ಕೆಲವೇ. ಕಲಿಸಿದ್ದಕ್ಕೆ ಅಲ್ಲಿ ಅಂಕವಿಲ್ಲ.

ಮೆಡಿಕಲ್ ಕಾಲೇಜೆಂದೊಡನೆ ಎಂಬಿಬಿಎಸ್ ಸೀಟನ್ನಷ್ಟೇ ನೆನೆದು, ಅದು ದಕ್ಕದಿದ್ದರೆ ಆ ಬಾಗಿಲೇ ಮುಚ್ಚಿತೆಂದು ಭಾವಿಸುವ ನಮ್ಮ ತಂದೆತಾಯಂದಿರು, 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಓದಿಯೋ ಪ್ರಯೋಗಾಲಯದ ತರಬೇತಿ ಪಡೆದೋ ಅದೇ ವಾರ್ಡಿಗೆ ಪ್ರವೇಶಿಸುವ ಮಕ್ಕಳನ್ನು ಎರಡನೆಯ ಪಂಕ್ತಿಯವರೆಂದು ಎಣಿಸುವುದು ಸಲ್ಲದು. ನಾಳೆಯ ವೈದ್ಯನ ಕೈಯನ್ನು ತಿದ್ದುವವರಲ್ಲಿ ಅವರೂ ಸೇರಿದ್ದಾರೆ.